ತುಟಿಗೆ ಹಚ್ಚಿ ನೋಡದ ಚಕ್ರಗಳು

ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೂ ನನಗೊಂದು ಚಟ ಹೋಗಿಲ್ಲ. ಮರದ ಸೌಟು ಕೊಂಡರೂ ಸರಿ, ಮೊಮ್ಮಗಳಿಗೆ ಗಿಲಕಿ ಕೊಂಡರೂ ಸರಿ, ಮೊದಲು ಅದರ ಅಂಚನ್ನು ಕೆಳತುಟಿಗೆ ಹಚ್ಚಿ ಒಮ್ಮೆ ಎಳೆದು ನೋಡುತ್ತೇನೆ. ಅಂಗಡಿಯವರು ಮುಖ ಸಿಂಡರಿಸುತ್ತಾರೆ. ಮೊನ್ನೆ ಒಬ್ಬ, "ಎಂಜಲು ಮಾಡ್ಬೇಡಿ ಅಮ್ಮಾ, ಬೇರೆಯವ್ರೂ ತಗೋಬೇಕು" ಎಂದು ಹೇಳಿಯೇಬಿಟ್ಟ. ಅವನಿಗೆ ಏನೆಂದು ವಿವರಿಸಲಿ? ಆ ಗಿಲಕಿಯ ಅಂಚು ತುಟಿಗೆ ತರಚಿತು, ವಾಪಸ್ಸು ಕೊಟ್ಟು ಬಂದೆ.

ಈಗ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ತರಬೇತಿಗೆ ಸೇರಿದ ಹುಡುಗಿಯರು ಆಗೊಮ್ಮೆ ಈಗೊಮ್ಮೆ ಮನೆಗೆ ಬರುತ್ತಾರೆ. "ರತ್ನಕ್ಕ, ಈ ಕೆಲ್ಸ ಹೆಂಗಿರ್ತೈತೆ, ಒಸಿ ಹೇಳಕ್ಕ" ಅನ್ನುತ್ತಾರೆ. ಹೇಗಿರುತ್ತದೆ ಅಂದರೆ, ಹೆದರಿಕೆಯಾಗಿರುತ್ತದೆ ಕಣ್ರಮ್ಮಾ. ಇದನ್ನು ತರಬೇತಿಯಲ್ಲಿ ಯಾರೂ ಹೇಳುವುದಿಲ್ಲ. ಅಲ್ಲಿ ಮರ ಹೇಗೆ ಒಣಗಿಸಬೇಕು, ಉಳಿ ಹೇಗೆ ಹಿಡಿಯಬೇಕು, ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಬಣ್ಣ ಹೇಗೆ ಹಿಡಿಸಬೇಕು ಅಂತ ಹೇಳಿಕೊಡುತ್ತಾರೆ. ಮರ ತಿರುಗಿಸುವ ಲೇತಿಗೆ ಸೆರಗು ಸಿಕ್ಕೀತು, ಜಡೆ ಸಿಕ್ಕೀತು, ಮರದಲ್ಲಿ ಗಂಟಿದ್ದರೆ ಚೂರು ಹಾರಿ ಕಣ್ಣಿಗೆ ಬಿದ್ದೀತು. ಇವೆಲ್ಲ ಚಿಕ್ಕ ಹೆದರಿಕೆ, ಒಂದು ವರ್ಷದಲ್ಲಿ ರೂಢಿಯಾಗುತ್ತದೆ. ದೊಡ್ಡ ಹೆದರಿಕೆ ಬೇರೆ ಇದೆ. ನೀವು ಕಡೆದ ವಸ್ತು ಯಾವುದೋ ಊರಿನ ಯಾವುದೋ ಮಗುವಿನ ಬಾಯಿಗೆ ಹೋಗುತ್ತದೆ, ಆಗ ನೀವು ಅಲ್ಲಿ ಇರುವುದಿಲ್ಲ.

ನನ್ನ ಸ್ವಭಾವವೂ ಹಾಗೇ ಅನ್ನಿ. ಹಾಲು ಒಲೆಯ ಮೇಲಿಟ್ಟರೆ ಉಕ್ಕುವ ಮೊದಲೇ ನನಗೆ ಉಕ್ಕಿದ ಹಾಗಾಗುತ್ತದೆ. "ನಿನ್ನ ಎದೆ ಹೊಡ್ಕೊಳೋದ್ ಕೇಳಿದ್ರೆ ಪಕ್ಕದ ಮನೇರಿಗೂ ನಿದ್ದೆ ಬರಾಕಿಲ್ಲ" ಎಂದು ನಮ್ಮತ್ತೆ ಅನ್ನುತ್ತಿದ್ದರು. ಇಂಥವಳು ಲೇತ್ ಮುಂದೆ ಜೀವನ ಸವೆಸಿದೆನಲ್ಲ ಅಂತ ನನಗೇ ಆಶ್ಚರ್ಯ.

ನಾನು ಸೇರಿದ ಕಾಲಕ್ಕೆ ಹೆಂಗಸರು ಲೇತ್ ಮುಟ್ಟುತ್ತಿರಲಿಲ್ಲ. ಬೊಂಬೆಗೆ ಕಣ್ಣು ಬರೆಯುವುದು, ಪೆಟ್ಟಿಗೆಗೆ ತುಂಬುವುದು, ಅಷ್ಟೇ ನಮ್ಮ ಪಾಲು. ನಮ್ಮ ಕಾರ್ಖಾನೆಯ ಹಿರಿಯ ಕೆಲಸಗಾರರು ಗಫಾರ್ ಸಾಬರು. ಕಾರ್ಖಾನೆ ಅಂದರೆ ಏನೂ ಇಲ್ಲ, ಹೆಂಚಿನ ಒಂದು ಉದ್ದನೆಯ ಶೆಡ್ಡು. ಎಲ್ಲರೂ ಅವರನ್ನು ಉಸ್ತಾದ್ ಅನ್ನುತ್ತಿದ್ದರು. ಒಂದು ದಿನ ಅವರು ಊಟಕ್ಕೆ ಎದ್ದಾಗ ನಾನು ಮೆಲ್ಲಗೆ ಅವರ ಲೇತ್ ಮುಂದೆ ಕೂತು ಉಳಿ ಹಿಡಿದು ನೋಡುತ್ತಿದ್ದೆ. ಅವರು ಹಿಂದೆಯೇ ಬಂದು ನಿಂತಿದ್ದರು. ಬೈಗುಳ ಕಾದು ಕೂತೆ. "ಉಳಿ ಹಂಗಲ್ಲ ಬೇಟಾ, ಕೆಳಗಿಂದ ಆನ್ಸಿ ಹಿಡೀಬೇಕು. ನಾಳೆಯಿಂದ ಸೆರಗು ಬಿಗಿಯಾಗಿ ಸಿಗಿಸ್ಕೊಂಡ್ ಬಾ" ಅಂದರು. ಅಷ್ಟೇ. ಊರಲ್ಲಿ ನಮ್ಮ ಮಾವ ಸಿಟ್ಟಿನಿಂದ ಕುಣಿದಾಡಿದರು, ಸಾಬರ ಹತ್ತಿರ ಗಂಡಸರ ಕೆಲಸ ಕಲಿಯುತ್ತಾಳೆ ಅಂತ. ಹೊಲದಲ್ಲಿ ರಾಗಿ ಕುಯ್ಯೋಕೆ ನಾನು ಬೇಕು, ಲೇತಿಗೆ ಮಾತ್ರ ಹೆಂಗಸು ಬೇಡವಂತೆ. ನಾನೂ ಹಟದವಳು, ಬಿಡಲಿಲ್ಲ.

ಉಸ್ತಾದರ ಕಾಯಿದೆ ಒಂದೇ. ಅವರ ಮುಂದಿನಿಂದ ಹೋಗುವ ಪ್ರತಿಯೊಂದು ವಸ್ತುವನ್ನೂ ಕೆಳತುಟಿಗೆ ಹಚ್ಚಿ ಸುತ್ತ ಎಳೆದು ನೋಡುತ್ತಿದ್ದರು. ಎಲ್ಲಾದರೂ ತಾಗಿದರೆ ಮತ್ತೆ ಲೇತಿಗೆ ಸಿಗಿಸಿ, ಅಂಚನ್ನು ಉಳಿಯಿಂದ ಸವರಿ, ತಾಳೆಗರಿ ಒತ್ತಿ ಹೊಳಪು ಕೊಟ್ಟು, ಮತ್ತೆ ತುಟಿಗೆ. ನಾನೊಮ್ಮೆ ಕೇಳಿದೆ, ಬೆರಳಲ್ಲಿ ಮುಟ್ಟಿ ನೋಡಿದರೆ ಸಾಲದಾ ಅಂತ.

"ಕಣ್ಣು ಸುಳ್ಳು ಹೇಳ್ತದೆ. ನಮ್ಮ ಬೆರಳು ಕೆಲ್ಸ ಮಾಡಿ ಮಾಡಿ ಗಟ್ಟಿಯಾಗೋಗವೆ. ತುಟಿ ಒಂದೇ ನೋಡು ಮಗೂದಿದ್ದಂಗೆ ಇರೋದು" ಅಂದರು.

ನಾನು ಮೊದಲು ಸ್ವಂತವಾಗಿ ಕಡೆದ ಗಿಲಕಿಗಳಿಗೆ ಬಳೆಯ ಹಾಗೆ ಸಣ್ಣ ಏಣು ಎಬ್ಬಿಸಿದ್ದೆ, ಚೆಂದ ಕಾಣಲಿ ಅಂತ. ಉಸ್ತಾದರು ಒಂದನ್ನು ತುಟಿಗೆ ಹಚ್ಚಿ ಬುಟ್ಟಿಯನ್ನೇ ನನ್ನ ಕಡೆ ತಳ್ಳಿದರು. ಬಾಯಿಬಿಟ್ಟು ಬೈಯಲಿಲ್ಲ. ಎಲ್ಲ ಏಣನ್ನೂ ನಾನೇ ಸವರಬೇಕಾಯಿತು, ಸವರುತ್ತ ಅತ್ತಿದ್ದೇನೆ. ಇನ್ನೊಂದು ಬೇಸಿಗೆಯಲ್ಲಿ ಬಣ್ಣ ಹಿಡಿಸಿದ ಬೊಂಬೆಗಳನ್ನು ಬಿಸಿಲಿಗಿಟ್ಟು ಮರೆತೆ. ಅರಗು ಬಿಸಿಗೆ ಮೆತ್ತಗಾಗುತ್ತದೆ ಅನ್ನುವುದು ಗೊತ್ತಿದ್ದೂ ಮರೆತೆ. ಸಂಜೆ ನೋಡಿದರೆ ರಾಜ ರಾಣಿ ಸಿಪಾಯಿ ಎಲ್ಲ ಒಬ್ಬರನ್ನೊಬ್ಬರು ಅಂಟಿಕೊಂಡು ಕೂತಿದ್ದರು. ಇಡೀ ಶೆಡ್ಡು ನಗುತ್ತಿತ್ತು, ನನಗೆ ಮಾತ್ರ ಜ್ವರ ಬಂತು.

ಆಮೇಲೆ ಎಲ್ಲ ಬದಲಾಗುತ್ತ ಹೋಯಿತು. ವಿದೇಶಕ್ಕೆ ಕಳಿಸುವವರು ಬಂದು, ಸೀಸದ ಬಣ್ಣ ಬೇಡ, ಅರಿಶಿನ ನೀಲಿ ಇಂಥವುಗಳಿಂದಲೇ ಬಣ್ಣ ಮಾಡಿ ಅಂದರು. ಅವರು ಒಂದು ಪ್ಲಾಸ್ಟಿಕ್ ಕೊಳವೆಯನ್ನೂ ತಂದಿದ್ದರು. ಬೊಂಬೆಯ ಯಾವ ಭಾಗವಾದರೂ ಅದರೊಳಗೆ ಇಳಿದರೆ ಮಗು ನುಂಗೀತು ಅಂತ ಲೆಕ್ಕವಂತೆ. ಉಸ್ತಾದರಿಗೆ ಆ ಕೊಳವೆ ಬಹಳ ಇಷ್ಟವಾಯಿತು, ಒಂದನ್ನು ಕೇಳಿ ಇಟ್ಟುಕೊಂಡರು. ಅದೇ ಹೊತ್ತಿಗೆ ಅತ್ತ ಹಾರೋಹಳ್ಳಿಯಲ್ಲಿ, ಇತ್ತ ಬಿಡದಿ ಕಡೆ ದೊಡ್ಡ ದೊಡ್ಡ ಕಾರ್ಖಾನೆಗಳೆದ್ದವು. ಬೆಳಗಾದರೆ ಕಾರ್ಖಾನೆ ಬಸ್ಸು ಬಂದು ನಮ್ಮ ಹುಡುಗಿಯರನ್ನು ತುಂಬಿಕೊಂಡು ಹೋಗುತ್ತಿತ್ತು. ಶೆಡ್ಡಿನಲ್ಲಿ ಒಂದೊಂದೇ ಲೇತ್ ನಿಂತಿತು. ಮೇಲಿಂದ ಸಂತೆ ತುಂಬ ಪ್ಲಾಸ್ಟಿಕ್ ಬೊಂಬೆ. ಇನ್ನೂ ದೊಡ್ಡ ಕಷ್ಟವೆಂದರೆ ಉಸ್ತಾದರ ಕಣ್ಣಿಗೆ ಪೊರೆ ಬರುತ್ತಿತ್ತು. ಅವರು ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಬೆರಳು, ತುಟಿ ಇವೆರಡರ ಮೇಲೆಯೇ ಅವರ ಕೆಲಸ ನಡೆಯುತ್ತಿತ್ತು.

ಆ ದಿನಗಳಲ್ಲಿ ಬೆಂಗಳೂರಿನಿಂದ ಶ್ರೀಧರ್ ಎಂಬುವರು ಬಂದರು. ಸಿನಿಮಾದಲ್ಲಿ ಮನೆ, ಬೀದಿ, ಗುಡಿ ಎಲ್ಲ ಕಟ್ಟಿಸುವ ಆರ್ಟ್ ಡೈರೆಕ್ಟರ್. ಮಕ್ಕಳ ಸಿನಿಮಾ, ಬೇಸಿಗೆ ರಜೆಗೆ ಬಿಡುಗಡೆಯಾಗಬೇಕಂತೆ. ಕತೆ ಹೇಳಿದರು. ರಜೆಗೆ ಅಜ್ಜಿ ಮನೆಗೆ ಬಂದ ಹುಡುಗಿಗೆ ಒಂದು ಮರದ ಬೊಂಬೆ ರೈಲು ಸಿಗುತ್ತದೆ. ಅದು ರಾತ್ರೋರಾತ್ರಿ ದೊಡ್ಡದಾಗಿ, ಅವಳನ್ನೂ ಅವಳ ಗೆಳೆಯರನ್ನೂ ಕೂರಿಸಿಕೊಂಡು ಬೆಟ್ಟ ಹತ್ತುತ್ತದೆ. ಮೋಡಗಿರಿ ಅಂತ ಬೆಟ್ಟದ ಹೆಸರು. ಎಲ್ಲೂ ಇಲ್ಲದ ಊರು, ಎಲ್ಲೂ ಇಲ್ಲದ ರೈಲು.

"ದೊಡ್ಡ ರೈಲು ನೋಡಿದ್ರೆ ಅದೇ ಬೊಂಬೆ ರೈಲು ಅನ್ನಿಸ್ಬೇಕು. ಅದೇ ಹೊಳಪು, ಅದೇ ಕೆಂಪು ಚಕ್ರ. ಕಬ್ಬಿಣದ ಚಕ್ರಕ್ಕೆ ಪೇಂಟ್ ಹೊಡೆದ್ರೆ ಆ ಲುಕ್ ಬರಲ್ಲ. ನೀವೇ ಮಾಡ್ಕೊಡ್ಬೇಕು" ಎಂದು ಶ್ರೀಧರ್ ಉಸ್ತಾದರ ಮುಂದೆ ಕೂತು ಕೇಳಿದರು.

ಉಸ್ತಾದರ ಮುಖ ಅರಳಿದ್ದನ್ನು ನಾನು ಬಹಳ ದಿನಗಳ ಮೇಲೆ ಕಂಡೆ. "ಆಗ್ತದೆ. ಯಾಕಾಗಲ್ಲ?" ಅಂದರು.

ಮಕ್ಕಳು ಕೂರುವ ರೈಲು, ಬೆಟ್ಟದ ಮೇಲೆ. "ಭಾರ ತಡೀತದಾ ಉಸ್ತಾದ್ರೆ?" ಎಂದೆ. ನಾವು ಬೊಂಬೆಗೆ ಬಳಸುವ ಹಾಲೆ ಮರ ಮೃದು. ಅದಕ್ಕೆ ಅವರು ಬಂಡಿ ಚಕ್ರಕ್ಕೆ ಬಳಸುವ ಜಾಲಿ ಮರ ತರಿಸಿದರು. ಊಟದ ತಟ್ಟೆಯಷ್ಟು ಅಗಲದ ಚಕ್ರಗಳು. ಜಾಲಿ ಮರಕ್ಕೆ ಅರಗು ಹಿಡಿಯುವುದು ಕಷ್ಟ, ಒತ್ತಿ ಒತ್ತಿ ತೋಳು ಬಿದ್ದುಹೋಯಿತು. ಆದರೆ ಹಿಡಿದ ಮೇಲೆ ಆ ಕೆಂಪು ನೋಡಬೇಕಿತ್ತು, ಮುಖ ಕಾಣುತ್ತಿತ್ತು ಅದರಲ್ಲಿ.

ರೈಲು ಚಕ್ರಕ್ಕೆ ಒಳಮಗ್ಗುಲಲ್ಲಿ ಎದ್ದು ನಿಂತ ಒಂದು ಅಂಚಿರುತ್ತದೆ. ಅದನ್ನು ಕೆಲಸದವರು ಕಾಲರ್ ಅನ್ನುತ್ತಾರೆ. ಚಕ್ರ ಹಳಿಯಿಂದ ಆಚೆ ಜಾರದ ಹಾಗೆ ತಡೆಯುವುದೇ ಅದು. ಶ್ರೀಧರ್ ಕೊಟ್ಟ ಚಿತ್ರದಲ್ಲಿ ಕಾಲರ್ ಗೋಡೆಯ ಹಾಗೆ ನೆಟ್ಟಗೆ ಇತ್ತು. ಉಸ್ತಾದರು ಚಿತ್ರವನ್ನು ನನ್ನಿಂದ ಓದಿಸಿಕೊಂಡು, ಹಾಗೆಯೇ ಕಡೆದರು. ನಾನು ಬಣ್ಣ ಹಿಡಿಸಿದೆ. ಕೊನೆಗೆ ಎಲ್ಲ ಚಕ್ರಗಳನ್ನೂ ಅವರು ತಮ್ಮ ಲೇತಿಗೆ ಒಯ್ದು ಕಡೆಯ ಕೈ ಹಾಕಿದರು. ಶ್ರೀಧರ್ ಬಂದು ಬಣ್ಣ ನೋಡಿ, "ಬ್ಯೂಟಿಫುಲ್" ಎಂದು ಗಾಡಿಗೆ ತುಂಬಿಕೊಂಡು ಹೋದರು.

ಶೂಟಿಂಗ್ ಇದ್ದದ್ದು ರಾಮನಗರದ ಹತ್ತಿರ, ಕನಕಪುರದ ಕಡೆ ಹೋಗುವ ದಾರಿಯಲ್ಲಿ ಸಿಗುವ ಒಂದು ಬಂಡೆ ಬೆಟ್ಟದ ಮೇಲೆ. ಬಣ್ಣ ಸವೆದರೆ ಅಲ್ಲೇ ಹಚ್ಚಲು ನನ್ನನ್ನೂ ಉಸ್ತಾದರನ್ನೂ ಕರೆಸಿಕೊಂಡಿದ್ದರು. ಹೋಗಿ ನೋಡಿದರೆ ನಮ್ಮ ಬೋಳು ಬಂಡೆ ಗುರುತೇ ಸಿಗಲಿಲ್ಲ. ಥರ್ಮಾಕೋಲಿನ ಸ್ಟೇಷನ್ನು, ಅದರ ಮೇಲೆ 'ಮೋಡಗಿರಿ' ಅಂತ ಹಳದಿ ಬೋರ್ಡು, ಪ್ಲಾಸ್ಟಿಕ್ ಹೂವು, ಹತ್ತಿಯ ಮೋಡ. ಎಂಜಿನ್ನಿನ ಹೊಗೆಗೆ ಒಳಗೆ ಸಾಂಬ್ರಾಣಿ ಹಾಕಿದ ಕೆಂಡದ ಮಡಕೆ. ಕೆಳಗಿನ ರಾಗಿ ಹೊಲ, ಮಾವಿನ ತೋಪು ಕ್ಯಾಮೆರಾಗೆ ಬೀಳದ ಹಾಗೆ ಹಸಿರು ಬಟ್ಟೆ ಅಡ್ಡ ಕಟ್ಟಿದ್ದರು. ಸುತ್ತಲ ಹಳ್ಳಿಯವರೆಲ್ಲ ಬಂದು ಕೂತಿದ್ದರು. ಕನಕಪುರದ ಕಡೆಯ ಒಬ್ಬ ಅಜ್ಜಿ ಎಂಜಿನ್ನಿಗೆ ಕೈಮುಗಿದು, "ನಮ್ಮೂರ್ಗೂ ಬತ್ತದೇನವ್ವ ಇದು?" ಅಂತ ನನ್ನನ್ನು ಕೇಳಿದರು. ಪಕ್ಕದಲ್ಲಿದ್ದವನು, "ಮಾಗಡಿಗೆ ಹೋಗಿ ಆಮ್ಯಾಕೆ ನಿಮ್ಮೂರ್ಗೆ ಬತ್ತದೆ, ಟಿಕೀಟ್ ತಗೊಂಡಿರು ಕಣಜ್ಜಿ" ಅಂದ. ಮಾಗಡಿಗಾಗಲಿ ಕನಕಪುರಕ್ಕಾಗಲಿ ರೈಲೇ ಇರಲಿಲ್ಲ. ಎಲ್ಲ ನಕ್ಕರು.

ನನಗೆ ನಗು ಬರಲಿಲ್ಲ. ನನ್ನ ಕಣ್ಣೆಲ್ಲ ಹಳಿಯ ಮೇಲಿತ್ತು. ಕಬ್ಬಿಣದ ಆಂಗಲ್‌ಗಳನ್ನು ಬೆಸೆದು ಬಂಡೆಯ ಮೈಮೇಲೆ ಹಳಿ ಹಾಕಿದ್ದರು. ಬಂಡೆಯ ಹಿಂದೆ ಅಡಗಿಸಿಟ್ಟ ರಾಟೆಯಿಂದ ತಂತಿ ಹಗ್ಗದಲ್ಲಿ ರೈಲನ್ನು ಮೇಲೆಳೆಯುವುದು, ಆಮೇಲೆ ಅದೇ ಹಗ್ಗ ಸಡಿಲಿಸುತ್ತ ಕೆಳಗಿಳಿಸುವುದು. ನಡುವೆ ಒಂದು ತಿರುವು. ಆ ತಿರುವಿನಲ್ಲಿ ಹಳಿಯ ಹೊರಗಡೆಗೆ ಬಂಡೆ ಕಡಿದ ಹಾಗೆ ಇಳಿದಿತ್ತು. ಕೆಳಗೆ ಕಲ್ಲು, ಕಳ್ಳಿ. ನಾನು ಬಗ್ಗಿ ನೋಡಿ ಹಿಂದಕ್ಕೆ ಬಂದೆ.

ಹಳಿ ಹಾಕಿದವನು ಬೋರೇಗೌಡ, ಮರಳವಾಡಿಯವನು. ಹಾರೋಹಳ್ಳಿಯ ಕಾರ್ಖಾನೆಗಳಿಗೆ ವೆಲ್ಡಿಂಗ್ ಮಾಡಿಕೊಂಡಿದ್ದ ಹುಷಾರಿ ಕೆಲಸಗಾರ. ಮೊದಲು ರೈಲಿನ ಖಾಲಿ ಡಬ್ಬಿಗಳನ್ನು ಎಳೆದು ನೋಡಿದರು, ಸರಾಗವಾಗಿ ಹೋಯಿತು. ಆಮೇಲೆ ಮಕ್ಕಳ ಬದಲು ಮರಳಿನ ಮೂಟೆ ಇಟ್ಟರು. ತಿರುವಿಗೆ ಬಂದಾಗ ಮುಂದಿನ ಡಬ್ಬಿಯ ಹೊರಗಿನ ಚಕ್ರ ಮೆಲ್ಲಗೆ ಹಳಿಯ ಮೇಲೆ ಹತ್ತಿತು. ಡಬ್ಬಿ ವಾಲಿತು. ಮೂಟೆಯೊಂದು ಜಾರಿ ಕೆಳಗೆ ಬಿದ್ದು ಒಡೆಯಿತು. ಹಗ್ಗ ಹಿಡಿದಿದ್ದರಿಂದ ಡಬ್ಬಿ ನಿಂತಿತು.

ಶ್ರೀಧರ್ ಬೋರೇಗೌಡನ ಮೇಲೆ ಹರಿಹಾಯ್ದರು. "ಏನ್ರೀ ಇದು? ಮಕ್ಕಳು ಕೂತ್ಕೊಳೋ ಗಾಡಿ. ಸರಿಯಾಗಿ ಬೆಂಡ್ ಮಾಡೋಕೆ ಬರಲ್ವಾ?"

"ಹಳಿ ಸರ್ಯಾಗೈತೆ ಸಾರ್. ನೂಲು ಹಿಡ್ದು ಹಾಕಿವ್ನಿ" ಅಂದ ಅವನು.

"ಸರಿಯಾಗಿದ್ರೆ ಯಾಕೆ ಹತ್ತಿತು?"

ಅವನು ಬಗ್ಗಿ ಹಳಿಯನ್ನೇ ನೋಡುತ್ತ ಕೂತ. ಆಮೇಲೆ ಅಲ್ಲಿ ಇಲ್ಲಿ ಒಸಿ ಬಡಿದು, ಹೊರಗಿನ ಹಳಿಯನ್ನು ಎತ್ತರಿಸಿ, ಮತ್ತೆ ಮೂಟೆ ಇಟ್ಟು ಬಿಟ್ಟ. ಈ ಸಲ ಕೀರ್ ಎಂದು ಸದ್ದು ಮಾಡಿಕೊಂಡು ದಾಟಿತು. "ಸಾಕು, ನಾಳೆ ಬೆಳಿಗ್ಗೆ ಮಕ್ಕಳ ಶಾಟ್" ಅಂದರು ಶ್ರೀಧರ್. ಬೋರೇಗೌಡ ನನ್ನ ಪಕ್ಕದಲ್ಲಿ ಹಾದುಹೋಗುತ್ತ, "ಒಂದ್ ಸಲ ದಾಟಿದ್ದು ದಾಟಿದ್ದಲ್ಲ ಕಣಕ್ಕ. ನಂಗ್ಯಾಕೋ ಸರಿ ಕಾಣಾಕಿಲ್ಲ" ಅಂದ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ, ಸವೆದ ಕಡೆ ಬಣ್ಣ ಹಚ್ಚುವ ನೆಪದಲ್ಲಿ ಮುಂದಿನ ಡಬ್ಬಿಯ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಕಾಲರ್ ಮೇಲೆ ಹೆಬ್ಬೆರಳು ಆಡಿಸಿದೆ. ನುಣುಪು. ಮತ್ತೊಂದು ಚಕ್ರ, ಅದೂ ನುಣುಪು. ಯಾವ ಚಕ್ರಕ್ಕೂ ಏಣು ಇರಲಿಲ್ಲ. ಗೋಡೆಯ ಹಾಗೆ ನೆಟ್ಟಗಿರಬೇಕಾದ ಕಾಲರ್, ಬಟ್ಟಲಿನ ಅಂಚಿನ ಹಾಗೆ ಸೊಗಸಾಗಿ ಹೊರಳಿ ಇಳಿದಿತ್ತು. ಮೇಲೆ ಅರಗಿನ ಹೊಳಪು. ತಿರುವಿನಲ್ಲಿ ಭಾರ ಬಿದ್ದಾಗ ಚಕ್ರ ಹಳಿಯ ಮೇಲೆ ಹತ್ತದೆ ಇನ್ನೇನು ಮಾಡುತ್ತದೆ? ಅದಕ್ಕೆ ನಾವೇ ದಾರಿ ಮಾಡಿಕೊಟ್ಟಿದ್ದೆವು.

ಏನಾಗಿದೆ ಅಂತ ನನಗೆ ತಿಳಿಯಿತು. ಉಸ್ತಾದರು ಚಿತ್ರದಲ್ಲಿದ್ದ ಹಾಗೆ ಕಡೆದದ್ದು ಸತ್ಯ. ಕಡೆಯ ಕೈ ಹಾಕುವಾಗ ಪ್ರತಿ ಚಕ್ರವನ್ನೂ ತುಟಿಗೆ ಹಚ್ಚಿದ್ದಾರೆ. ತುಟಿಗೆ ತಾಗಿದೆ. ಜೀವಮಾನವೆಲ್ಲ ತಾಗಿದ್ದನ್ನು ಸವರಿದ ಕೈ, ಇದನ್ನೂ ಸವರಿದೆ. ರೈಲು ಅಂತ ಆ ಕೈಗೆ ಯಾರು ಹೇಳಬೇಕು?

ಅಷ್ಟರಲ್ಲಿ ಮಕ್ಕಳ ವ್ಯಾನು ಬಂತು. ಬಣ್ಣ ಬಣ್ಣದ ಟೋಪಿ ಹಾಕಿಕೊಂಡು ಕಿರುಚುತ್ತ ಇಳಿದವು. ನಾಯಕಿ ಪಾತ್ರದ ಹುಡುಗಿಯನ್ನು ಎಲ್ಲರೂ ಚಿನ್ನು ಅನ್ನುತ್ತಿದ್ದರು, ಮುಂದಿನ ಹಲ್ಲು ಬಿದ್ದಿತ್ತು ಅವಳಿಗೆ. ನೇರ ನನ್ನ ಹತ್ತಿರ ಬಂದು, "ಆಂಟಿ, ಇದು ನಿಜವಾಗ್ಲೂ ಹೋಗತ್ತಾ?" ಅಂತ ಕೇಳಿದಳು. ನಾನು ಅವಳ ಟೋಪಿ ಸರಿಮಾಡಿದೆ, ಅಷ್ಟೇ.

ನೀವು ಕೇಳಬಹುದು, ಗೊತ್ತಾದ ಮೇಲೆ ಕೂಗಿ ಹೇಳುವುದಕ್ಕೇನು ಅಂತ. ನನ್ನ ಜಾಗದಲ್ಲಿ ನಿಂತು ನೋಡಿ. ನನಗೆ ಅನ್ನದ ದಾರಿ ಕೊಟ್ಟವರು ಉಸ್ತಾದರು. ಕಣ್ಣು ಹೋಗುತ್ತಿರುವ ಮನುಷ್ಯ, ತುಟಿಯನ್ನು ನಂಬಿ ಬದುಕಿದವರು. ಅವರ ಚಕ್ರದಲ್ಲಿ ದೋಷ ಅಂತ ಅಷ್ಟು ಜನರ ಮುಂದೆ ನಾನು, ಅವರ ಕೈಯಲ್ಲಿ ಕಲಿತವಳು, ಹೇಳಿದರೆ ಮುಗಿಯಿತು. 'ಮುದುಕನಿಗೆ ಕಣ್ಣು ಕಾಣಲ್ಲ' ಅಂತ ಚನ್ನಪಟ್ಟಣವೆಲ್ಲ ಹಬ್ಬುತ್ತದೆ, ಆಮೇಲೆ ಅವರು ಉಳಿ ಹಿಡಿಯುವುದಿಲ್ಲ. ಹೇಳದಿದ್ದರೆ ಈ ಹಲ್ಲು ಬಿದ್ದ ಕೂಸು ಆ ತಿರುವಿಗೆ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಡಬ್ಬಿಗೆ ಎತ್ತಿ ಕೂರಿಸುತ್ತಿದ್ದರು. ಸಾಂಬ್ರಾಣಿ ಹೊಗೆ ಎದ್ದಿತು.

ಉಸ್ತಾದರು ಸ್ಟೇಷನ್ನಿನ ನೆರಳಲ್ಲಿ ಮಡಿಸುವ ಕುರ್ಚಿಯ ಮೇಲೆ ಕೂತಿದ್ದರು. ನಾನು ಹೋಗಿ ಅವರ ಕಾಲ ಬಳಿ ಕೂತೆ.

"ಉಸ್ತಾದ್ರೆ, ಚಕ್ರ ಒಂದ್ಸಲ ಮುಟ್ಟಿ ನೋಡ್ಬೇಕು ನೀವು."

"ಯಾಕೆ? ಬಣ್ಣ ಎದ್ದದಾ?"

"ಬಣ್ಣ ಚೆನ್ನಾಗೈತೆ. ಅಂಚು ನೋಡಿ."

"ಅಂಚು ನಾನೇ ನೋಡಿ ಕಳ್ಸಿದ್ದು ಬೇಟಾ. ಒಂದೊಂದೂ ತುಟಿಗೆ ಹಚ್ಚಿ ನೋಡಿದೀನಿ."

"ಅದಕ್ಕೇ ಉಸ್ತಾದ್ರೆ ಹೇಳ್ತಾ ಇರೋದು" ಅಂದೆ. ಅಂದು ತಲೆ ತಗ್ಗಿಸಿದೆ. ಕಣ್ಣಲ್ಲಿ ನೀರು ಬಂದುಬಿಟ್ಟಿತು.

ಅವರ ಕೈಬೆರಳು ತೊಡೆಯ ಮೇಲೆ ಮೆಲ್ಲಗೆ ಚಲಿಸಿತು, ಇಲ್ಲದ ಚಕ್ರವೊಂದನ್ನು ಸವರುವಂತೆ. ಅತ್ತ ಶ್ರೀಧರ್ "ರೆಡೀನಾ?" ಎಂದು ಕೂಗಿದರು. ರಾಟೆಯ ಹತ್ತಿರ ನಿಂತಿದ್ದ ಬೋರೇಗೌಡ ಕೈ ಎತ್ತಲಿಲ್ಲ. "ಸಾರ್, ಒಸಿ ತಡೀರಿ. ಇನ್ನೊಂದ್ ಕಿತ ಮೂಟೆ ಇಟ್ಟು ನೋಡಾನ" ಅಂದ. "ನಿಮ್ಮ ಕೆಲಸ ಸರಿ ಮಾಡಿದ್ರೆ ಈ ಹೆದರಿಕೆ ಇರ್ತಿರಲಿಲ್ಲ. ಬೇರೆ ವೆಲ್ಡರ್‌ನ ಕರೆಸ್ತೀನಿ ನಾನು" ಅಂದರು ಶ್ರೀಧರ್. ಎಲ್ಲರ ಮುಂದೆ ಆ ಮನುಷ್ಯನ ಮುಖ ಕಪ್ಪಿಟ್ಟಿತು.

ಉಸ್ತಾದರು ಎದ್ದರು. ನನ್ನ ಭುಜ ಹಿಡಿದು, "ನಡಿ" ಅಂದರು. ಇಬ್ಬರೂ ಹಳಿಯ ಪಕ್ಕ ನಡೆದುಕೊಂಡು ಮುಂದಿನ ಡಬ್ಬಿಗೆ ಬಂದೆವು. ಅವರು ಮಂಡಿಯೂರಿ ಹೊರಗಿನ ಚಕ್ರವನ್ನು ಮುಟ್ಟಿದರು. ಬೆರಳು ಒಂದು ಸುತ್ತು ಹೋಗಿ ಬಂತು. ಆಮೇಲೆ ನಿಂತು, ಚಿನ್ನುವನ್ನು ಎರಡೂ ಕಂಕುಳಿಗೆ ಕೈಹಾಕಿ ಎತ್ತಿ ಕೆಳಗಿಳಿಸಿದರು. "ಇಳೀ ಮಗಾ, ರೈಲಿಗೆ ಒಸಿ ರಿಪೇರಿ ಅದೆ" ಅಂದರು. ಉಳಿದ ಮಕ್ಕಳನ್ನು ನಾನು ಇಳಿಸಿದೆ.

ಶ್ರೀಧರ್ ಓಡಿ ಬಂದರು. "ಏನಾಯ್ತು ಉಸ್ತಾದ್?"

"ಹಳಿ ಸರಿಯಾಗೇ ಅದೆ. ಆ ವೆಲ್ಡಿಂಗ್‌ನೋರ ತಪ್ಪಿಲ್ಲ. ಚಕ್ರ ತಪ್ಪು, ನಂದು" ಅಂದರು ಉಸ್ತಾದರು. ಸದ್ದು ಮಾಡಿ ಹೇಳಲಿಲ್ಲ, ಆದರೆ ಅಲ್ಲಿದ್ದವರಿಗೆಲ್ಲ ಕೇಳಿಸಿತು. "ನಾನು ಬೊಂಬೆ ಚಕ್ರ ಮಾಡ್ಬುಟ್ಟಿದೀನಿ."

ಬೋರೇಗೌಡ ಬಂದು ಚಕ್ರದ ಅಂಚು ಮುಟ್ಟಿ, "ಓ" ಎಂದನಷ್ಟೆ. ಆಮೇಲೆ ಉಸ್ತಾದರ ಕೈ ಹಿಡಿದುಕೊಂಡು ನಿಂತ. ಶ್ರೀಧರ್ ಒಂದು ಡಬ್ಬಿಯ ಮೇಲೆ ಕೂತುಬಿಟ್ಟರು. ಮಕ್ಕಳ ಕಡೆಗೊಮ್ಮೆ, ತಿರುವಿನ ಕಡೆಗೊಮ್ಮೆ ನೋಡಿದರು. "ಬೋರೇಗೌಡ್ರೆ, ಸಾರಿ" ಎಂದು ಅವರ ಬಾಯಲ್ಲಿ ಬಂತು. ಸಿನಿಮಾದವರಲ್ಲಿ ಆ ಮಾತು ಕೇಳಿದ್ದು ನಾನು ಅದೊಂದೇ ಸಲ.

ಚಕ್ರಗಳನ್ನು ಬಿಚ್ಚಿಕೊಂಡು ಅದೇ ಹೊತ್ತಿಗೆ ಚನ್ನಪಟ್ಟಣಕ್ಕೆ ಬಂದೆವು. ಹೊಸ ಮರ ಹುಡುಕುವಷ್ಟು ಸಮಯವಿರಲಿಲ್ಲ. ಹಳಿಯ ಮೇಲೆ ಉರುಳುವ ಭಾಗವನ್ನು ಇನ್ನಷ್ಟು ಕಡೆದು ತಗ್ಗಿಸಿದರೆ ಕಾಲರ್ ಮತ್ತೆ ನೆಟ್ಟಗೆ ನಿಲ್ಲುತ್ತಿತ್ತು. ಉಸ್ತಾದರು ಲೇತ್ ಮುಂದೆ ಕೂತು ಮೊದಲ ಚಕ್ರ ಕಡೆದರು. ಕಾಲರ್ ಚೆನ್ನಾಗಿ ಎದ್ದಿತು. ಇನ್ನು ಬಿಡಬೇಕು, ಬಿಡಲಿಲ್ಲ. ಉಳಿ ತಾನೇ ಅಂಚಿಗೆ ಹೋಯಿತು, ಸಣ್ಣಗೆ ಸವರಿತು. ನಾನು "ಉಸ್ತಾದ್ರೆ" ಅಂದೆ. ಅವರು ಬೆಚ್ಚಿ ಕೈ ತೆಗೆದರು. ಮತ್ತೆ ಕಡೆದರು. ಮತ್ತೆ ಹಾಗೆಯೇ ಆಯಿತು. ಮೂರನೇ ಸಲಕ್ಕೆ ಲೇತ್ ನಿಲ್ಲಿಸಿ ಉಳಿಯನ್ನು ನನ್ನ ಕಡೆ ಚಾಚಿದರು.

"ನೀನು ಕಡೀ. ನನ್ ಕೈ ಕೇಳಲ್ಲ."

"ನಂಗೂ ನೀವೇ ಕಲ್ಸಿದ್ದಲ್ವಾ? ನನ್ ಕೈ ಮಾತ್ರ ಕೇಳ್ತದಾ?"

"ನೀನು ಹೆದರೋಳು. ಆ ಕೂಸಿನ ಮುಖ ನೆನಪಿಟ್ಕೊಂಡು ಕಡೀ, ಕೇಳ್ತದೆ" ಎಂದು ಹೇಳಿ ಹೊರಗೆ ಹೋಗಿ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತರು.

ಕಡೆದೆ. ಪ್ರತಿ ಚಕ್ರದ ಅಂಚನ್ನೂ ಕೈಗೆ ತರಚುವಂತೆ ಚೂಪಾಗಿ, ನೆಟ್ಟಗೆ ಬಿಟ್ಟೆ. ಉರುಳುವ ಭಾಗಕ್ಕೆ ಅರಗು ಹಚ್ಚಲಿಲ್ಲ, ಜಾರೀತು ಅಂತ. ನನ್ನ ಕೈಯೂ ಎಷ್ಟೋ ಸಲ ಅಂಚಿನ ಕಡೆ ತಾನಾಗಿ ವಾಲಿತು, ಪ್ರತಿ ಸಲ ಹಲ್ಲು ಕಚ್ಚಿ ಹಿಂದೆಗೆದೆ. ನಾನು ಆ ಶೆಡ್ಡಿಗೆ ಸೇರಿದ ಮೇಲೆ ತುಟಿಗೆ ಹಚ್ಚದೆ ಹೊರಗೆ ಹೋದ ವಸ್ತುವೆಂದರೆ ಅವೇ.

ಮೂಟೆ ಇಟ್ಟು ಬೋರೇಗೌಡ ಸಾಕಾಗುವಷ್ಟು ಸಲ ರೈಲನ್ನು ಹತ್ತಿಸಿ ಇಳಿಸಿದ. ಅವನ ಮನಸ್ಸು ಒಪ್ಪಿದ ಮೇಲೇ ಮಕ್ಕಳು ಹತ್ತಿದ್ದು. ಆದರೂ ಪ್ರತಿ ಸಲ ರೈಲು ತಿರುವಿಗೆ ಬಂದಾಗ ನಾನು ಕಣ್ಣು ಮುಚ್ಚಿದೆ. ಮಕ್ಕಳ ಕಿರುಚಾಟ ಕೇಳಿದರೆ ಅದು ಖುಷಿಯದ್ದೋ ಹೆದರಿಕೆಯದ್ದೋ ಗೊತ್ತಾಗದೆ ಒದ್ದಾಡಿದೆ. ಉಸ್ತಾದರು ಪಕ್ಕದಲ್ಲಿ ನಿಂತು ಕಿವಿಗೊಟ್ಟು ಕೇಳುತ್ತಿದ್ದರು. "ದಾಟ್ತು" ಎಂದು ಅವರು ಹೇಳಿದ ಮೇಲೆ ನಾನು ಕಣ್ಣು ಬಿಡುತ್ತಿದ್ದೆ. ಸಿನಿಮಾದ ಡೈರೆಕ್ಟರಿಗೆ ಒಂದು ಶಾಟ್ ಸಾಲುತ್ತಿರಲಿಲ್ಲ, ಹತ್ತಿ ಮೋಡ ಸರಿಯಿಲ್ಲ, ಹೊಗೆ ಸಾಲದು ಅಂತ ಮತ್ತೆ ಮತ್ತೆ. ಒಂದು ಸಿನಿಮಾದ ನಾಲ್ಕು ನಿಮಿಷದ ಖುಷಿಗೆ ನಾನು ಪಟ್ಟ ಯಾತನೆ ದೇವರಿಗೇ ಗೊತ್ತು. ಆದರೆ ಯಾವ ಸಲವೂ ಚಕ್ರ ಹಳಿ ಬಿಡಲಿಲ್ಲ.

ಶೂಟಿಂಗ್ ಮುಗಿದು ಸೆಟ್ ಕಳಚುವಾಗ ಶ್ರೀಧರ್ ರೈಲನ್ನು ಬೆಟ್ಟದ ಬುಡದ ಹಳ್ಳಿಯ ಅಂಗನವಾಡಿಗೆ ಕೊಡಿಸಿದರು. ಮಕ್ಕಳು ಅಂಗಳದಲ್ಲಿ ಕೂತು ಆಡಲಿ ಅಂತ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಸುದ್ದಿ ಕೇಳಿದ ಉಸ್ತಾದರು ಊಟದ ಡಬ್ಬಿ ಮುಚ್ಚಿಬಿಟ್ಟರು.

"ಹಂಗೇ ಕೊಡೋಕಾಗ್ತದಾ? ಅಲ್ಲಿರೋದು ಮಕ್ಕಳು" ಅಂದರು.

ಮರುದಿನ ಬಸ್ಸಿನಲ್ಲಿ ಇಬ್ಬರೂ ಹೊರಟೆವು. ಅವರ ಚೀಲದಲ್ಲಿ ಅರ, ಉಜ್ಜುಕಾಗದ, ಒಂದಿಷ್ಟು ತಾಳೆಗರಿ. ಅಂಗನವಾಡಿಯ ಹುಣಸೆ ಮರದ ಕೆಳಗೆ ರೈಲು ನಿಂತಿತ್ತು. ಉಸ್ತಾದರು ನೆಲದ ಮೇಲೆ ಕಾಲು ಚಾಚಿ ಕೂತು, ನಾನು ಬಿಚ್ಚಿಕೊಟ್ಟ ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು, ನಾನು ಅಷ್ಟು ಕಷ್ಟಪಟ್ಟು ಚೂಪಾಗಿ ಬಿಟ್ಟ ಅಂಚನ್ನು ಅರದಿಂದ ಸವರತೊಡಗಿದರು. ಲೇತ್ ಇಲ್ಲದೆ ಬರೀ ಕೈಯಲ್ಲಿ. ಸವರಿ, ಕಾಗದದಲ್ಲಿ ಉಜ್ಜಿ, ತಾಳೆಗರಿಯಲ್ಲಿ ತಿಕ್ಕಿ, ತುಟಿಗೆ ಹಚ್ಚುವರು. ಈ ಸಲ ಅವರ ಕೈಯನ್ನು ತಡೆಯುವವರು ಯಾರೂ ಇರಲಿಲ್ಲ. ಬಿಸಿಲು ಮರದ ಆಚೆ ಕಡೆಗೆ ಸರಿದರೂ ಅವರು ಏಳಲಿಲ್ಲ.

ಕೊನೆಯ ಚಕ್ರವನ್ನು ನನ್ನ ಕೈಗೆ ಕೊಟ್ಟರು. "ನೀನು ಕಡೆದಿದ್ದು. ನೀನೇ ನೋಡು."

ಕೆಳತುಟಿಗೆ ಹಚ್ಚಿ ಸುತ್ತ ಎಳೆದೆ. ಎಲ್ಲೂ ತಾಗಲಿಲ್ಲ. ಆ ರೈಲು ಇನ್ನು ಯಾವ ಹಳಿಯ ಮೇಲೂ ನಿಲ್ಲುವುದಿಲ್ಲ ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಚಕ್ರಗಳನ್ನು ಮತ್ತೆ ಸೇರಿಸಿ ನಾವು ಕೈ ತೊಳೆಯುತ್ತಿದ್ದೆವು. ಅಂಗನವಾಡಿಯ ಆಯಾಳ ಮೊಮ್ಮಗು, ಆಗಷ್ಟೇ ಹಲ್ಲು ಮೂಡುತ್ತಿದ್ದ ಕೂಸು, ಅಂಬೆಗಾಲಿಟ್ಟುಕೊಂಡು ರೈಲಿನ ಹತ್ತಿರ ಬಂತು. ಡಬ್ಬಿ ಹಿಡಿದು ಎದ್ದು ನಿಂತಿತು. ಆಮೇಲೆ ಬಗ್ಗಿ, ಕೆಂಪು ಚಕ್ರದ ಅಂಚಿಗೆ ಬಾಯಿ ಹಾಕಿ ವಸಡು ಉಜ್ಜತೊಡಗಿತು. ಆಯಾ "ಅಯ್ಯೋ" ಎಂದು ಓಡಿ ಬಂದಳು.

"ಇರ್ಲಿ ಬುಡವ್ವಾ" ಎಂದೆ ನಾನು. ಆ ರೈಲಿಗೆ ಕೈ ಹಚ್ಚಿದ ದಿನದಿಂದ ಮೊದಲ ಸಲ ನನ್ನ ಎದೆ ಹೊಡೆದುಕೊಳ್ಳಲಿಲ್ಲ.